ಫಾರ್ಮಿನ ಎರಡನೆಯ ಸಾಲು

ಫಾರ್ಮು ಅದೇ. ಗುಲಾಬಿ ಬಣ್ಣದ, ಮೇಲ್ತುದಿಯಲ್ಲಿ ಒಂದು ಕಣ್ಣಿನ ಚಿತ್ರವಿದ್ದ ಹಾಳೆ. ಆರು ವಾರಗಳ ಹಿಂದೆ ಅಮ್ಮನ ಬಲಗಣ್ಣಿನ ಪೊರೆ ತೆಗೆಸಲು ಬಂದಾಗ ಅದನ್ನು ತುಂಬಿದ್ದವಳು ಮಗಳು. ಇವತ್ತು ಎಡಗಣ್ಣಿನ ಸರದಿ. ಸಿಸ್ಟರ್ ಹಾಳೆಯನ್ನು ಮಗಳತ್ತ ಚಾಚಿದರೆ ಅಮ್ಮನೇ ಕೈ ಮುಂದೆ ಮಾಡಿದಳು.

“ಇಲ್ಲಿ ಕೊಡಮ್ಮ. ಇಷ್ಟೆಲ್ಲಾ ಮಾಡಿ ಒಂದು ಕಣ್ಣು ಸರಿ ಮಾಡ್ಸಿದೀವಿ, ಅದೂ ಸ್ವಲ್ಪ ಕೆಲಸ ಮಾಡ್ಲಿ.”

ಮಗಳು ಹಾಳೆಗೆಂದು ಎತ್ತಿದ್ದ ಕೈ ಇಳಿಸಿದಳು.

ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ಅಮ್ಮ ಸೂಜಿಗೆ ಹೆದರುವವಳಲ್ಲ. ಅವಳ ಹೆದರಿಕೆ ಒಂದೇ, ಮುಖದ ಮೇಲೆ ಬಟ್ಟೆ ಬೀಳುವುದು. ಎಂಥ ಚಳಿಯಲ್ಲೂ ಹೊದಿಕೆ ಅವಳ ಕುತ್ತಿಗೆ ದಾಟುವಂತಿಲ್ಲ. ಆಪರೇಷನ್ನಿನಲ್ಲಿ ಒಂದು ಕಣ್ಣಷ್ಟೇ ಬಿಟ್ಟು ಮುಖವೆಲ್ಲ ಮುಚ್ಚುತ್ತಾರೆಂದು ಕೇಳಿದಂದಿನಿಂದ ಅವಳು ಹತ್ತು ಸಲ ಕೇಳಿದ್ದಳು: “ಮಂಪರು ಬರೋ ಹಾಗೆ ಏನಾದ್ರೂ ಕೊಡ್ತಾರೇನೇ?”

ಕೊಡುತ್ತಿದ್ದರು. ಫಾರ್ಮಿನಲ್ಲಿ ಮೂರು ಸಾಲುಗಳಿದ್ದವು. ಕಣ್ಣು ಮರಗಟ್ಟಿಸುವ ಹನಿ ಮಾತ್ರ. ಹನಿಯ ಜೊತೆಗೆ ಭಯ ತಗ್ಗಿಸುವ ಮಾತ್ರೆ. ಹನಿಯ ಜೊತೆಗೆ ಮಂಪರಿನ ಇಂಜೆಕ್ಷನ್. ಕೊನೆಯ ಎರಡರ ಕೆಳಗೆ ಸಣ್ಣ ಅಕ್ಷರದಲ್ಲಿ, ಮರುದಿನ ಬೆಳಿಗ್ಗೆಯವರೆಗೆ ಮನೆಯವರೊಬ್ಬರು ರೋಗಿಯ ಜೊತೆಗಿರಬೇಕು, ಅದಕ್ಕೆ ಇಲ್ಲಿ ಸಹಿ ಮಾಡಬೇಕು ಎಂದಿತ್ತು. ಮಗಳು ಕೆಲಸ ಮಾಡುವ ಕಾಲೇಜಿನ ಲೈಬ್ರರಿಗೆ ಅಂದು ಮಧ್ಯಾಹ್ನ ತಪಾಸಣೆಯವರು ಬರುವವರಿದ್ದರು. ಮಂಜುಗಣ್ಣಿನ ಅಮ್ಮನಿಗೆ ಆ ಸಾಲುಗಳು ಕಾಣುತ್ತಿರಲಿಲ್ಲ. “ಇದಕ್ಕೆಲ್ಲ ಹಾಗೇನೂ ಕೊಡಲ್ಲಮ್ಮ, ಹನಿ ಅಷ್ಟೇ” ಎಂದು ಹೇಳಿ ಮೊದಲ ಸಾಲಿಗೆ ಗುರುತು ಹಾಕಿದ್ದಳು. ಆಪರೇಷನ್ ಮುಗಿದೊಡನೆ ಅಮ್ಮನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಓಡಿದ್ದಳು.

ತಪಾಸಣೆಯವರು ಬರಲೇ ಇಲ್ಲ.

ಆಮೇಲೆ ಅಮ್ಮ ಕಣ್ಣು ನೋಡಲು ಬಂದವರಿಗೆಲ್ಲ, “ನಮ್ಮ ಹುಡುಗಿ ಎಲ್ಲಾ ವಿಚಾರಿಸಿ ಮಾಡ್ಸಿದ್ಲು” ಎನ್ನುತ್ತಿದ್ದಳು. ಆ ಮಾತು ಬಂದಾಗಲೆಲ್ಲ ಮಗಳಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಈಗ ಅಮ್ಮನ ಬೆರಳು ಹಾಳೆಯ ಮೇಲೆ ಅಳತೆ ಪಟ್ಟಿಯಂತೆ ನಿಧಾನವಾಗಿ ಇಳಿಯುತ್ತಿತ್ತು. ಮೊದಲ ಸಾಲು. ಎರಡನೆಯದು. ಅಲ್ಲಿ ನಿಂತಿತು.

“ಅಮ್ಮ, ಅವತ್ತು ನಿಂಗೆ ಸುಳ್ಳು ಹೇಳ್ದೆ” ಎಂದಳು ಮಗಳು. “ಮಾತ್ರೆ ಇತ್ತು. ತಗೊಂಡ್ರೆ ನಾನು ಜೊತೇಲಿ ಇರ್ಬೇಕಾಗತ್ತೆ ಅಂತ...”

“ಗೊತ್ತು.”

“ಈಗ ಓದಿದ್ಯಲ್ಲ.”

“ಅವತ್ತೇ ಗೊತ್ತಾಯ್ತು. ಮುಖ ಮುಚ್ಚಿದ ತಕ್ಷಣ ನಡುಗಿಹೋದೆ. ಇಷ್ಟು ಹೆದರೋರು ಮಾತ್ರೆ ಯಾಕೆ ಬೇಡ ಅಂದ್ರಿ ಅಂತ ಡಾಕ್ಟ್ರು ಕೇಳಿದ್ರು. ಮಗಳು ತಗೋ ಅಂತಾನೇ ಹೇಳಿದ್ಲು, ನಾನೇ ಕೇಳ್ಲಿಲ್ಲ ಅಂದೆ. ಮತ್ತಿನ್ನೇನು ಹೇಳ್ಲಿ, ಅಷ್ಟು ಜನರ ಮುಂದೆ?”

ಸಿಸ್ಟರ್ ನಗುತ್ತ ತನ್ನ ಮಣಿಕಟ್ಟು ತೋರಿಸಿದಳು. “ನನ್ ಕೈನೇ ಹಿಡ್ಕೊಂಡಿದ್ರು. ನಿಮ್ಮಮ್ಮನ ಉಗುರಿನ ಗುರುತು ಒಂದು ವಾರ ಹೋಗ್ಲಿಲ್ಲ ನೋಡಿ.”

ಮಗಳಿಗೆ ತಲೆ ಎತ್ತಲಾಗಲಿಲ್ಲ. “ಬೈದುಬಿಡಮ್ಮ.”

“ಯಾಕೆ? ಬೈಸ್ಕೊಂಡು ಹಗುರ ಮಾಡ್ಕೊಳ್ಳೋದಕ್ಕಾ? ಅದೆಲ್ಲ ಆಗಲ್ಲ.” ಅಮ್ಮ ಪೆನ್ನಿಗೆ ಕೈ ಚಾಚಿದಳು. “ರಜಾ ಎಷ್ಟು ದಿನ ಹಾಕಿದೀಯ?”

“ಮೂರು.”

“ಪರವಾಗಿಲ್ವೇ! ಕಾಲೇಜು ನಿಂತುಹೋಗಲ್ವಾ?”

ಅಮ್ಮ ಸೀಮೆಸುಣ್ಣದಲ್ಲಿ ಬಟ್ಟೆಗೆ ಗೆರೆ ಎಳೆಯುವಂತೆ ಎರಡನೆಯ ಸಾಲಿಗೆ ಗುರುತು ಹಾಕಿ ಹಾಳೆಯನ್ನು ಮಗಳ ತೊಡೆಯ ಮೇಲಿಟ್ಟಳು. ಮಗಳು ಸಹಿ ಮಾಡುವಾಗ ಅಮ್ಮ, ಹೊಲಿಗೆ ಪರೀಕ್ಷಿಸುವವಳಂತೆ ಬಗ್ಗಿ ನೋಡುತ್ತಿದ್ದಳು.

“ಸಣ್ಣ ಅಕ್ಷರಾನೂ ಓದ್ದೆ ತಾನೆ? ನಾಳೆ ಬೆಳಿಗ್ಗೆವರೆಗೂ ಅಂತಿದೆ.”

“ಓದ್ದೆ.”

ಮಾತ್ರೆ ಕೊಟ್ಟು ಅರ್ಧ ಗಂಟೆಯಾದ ಮೇಲೆ ಅಮ್ಮನ ರೆಪ್ಪೆಗಳು ಭಾರವಾದವು. ಆಪರೇಷನ್ನಿಗೆ ಕರೆದಾಗ ಮಗಳು ಎದ್ದು ಕೈ ಚಾಚಿದಳು. ಅಷ್ಟರಲ್ಲಿ ಅಮ್ಮ, ಅಭ್ಯಾಸವಾದವಳಂತೆ, ಸಿಸ್ಟರ್ ಕೈ ಹಿಡಿದಾಗಿತ್ತು. ಅಮ್ಮನ ಕೈಚೀಲ ಮಾತ್ರ ಮಗಳ ಬಳಿ ಉಳಿಯಿತು. ಅದನ್ನು ಎದೆಗೊತ್ತಿಕೊಂಡು ಅವಳು ಬಾಗಿಲಿಗೆದುರಾಗಿ ಕುಳಿತಳು.