ರಾಹುಕಾಲಕ್ಕೆ ಮುಂಚೆ ಬಿಗಿದ ಬೋಲ್ಟು

ಕಾರಿನಡಿ ಇಳಿದು ಕೆಲಸ ಮಾಡುವ ಗ್ಯಾರೇಜಿನ ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಭಾನುವಾರ ಬೆಳಿಗ್ಗೆ ಅದನ್ನು ಮಗ್ಗಿನಲ್ಲಿ ಮೊಗೆದು ಬಕೆಟ್ಟಿಗೆ ತುಂಬಿ ಚರಂಡಿಗೆ ಚೆಲ್ಲಿದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಓಕಳಿಪುರಂನ ಈ ಗ್ಯಾರೇಜಿನಲ್ಲಿ ನನಗೆ ತೊಳೆಯುವ, ಒರೆಸುವ ಕೆಲಸ. ಸ್ಪ್ಯಾನರ್ ಹಿಡಿಯುವವರು ಅಪ್ಪ ಮುನಿಸ್ವಾಮಿ ಮತ್ತು ಅಣ್ಣ ಲೋಹಿತ್. "ಈ ಕಾರೊಂದು ಮುಗೀಲಿ ಯಶು, ಆಮೇಲೆ ನಿನ್ ಕೈಗೂ ಕೊಡ್ತೀನಿ" ಎಂದು ಅಪ್ಪ ಮೂರು ವರ್ಷದಿಂದ ಹೇಳುತ್ತಿದ್ದಾನೆ. ಅಷ್ಟರಲ್ಲಿ ನೂರಾರು ಕಾರು ಮುಗಿದಿವೆ.

ಈ ಸಲದ ಕಾರು ವೈಯಾಲಿಕಾವಲ್‌ನ ನಿಶಾಂತ್‌ನದು. ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು, ನನಗಿಂತ ಒಂದು ವರ್ಷ ದೊಡ್ಡದು. ಚೆಂದ ಕಾಣಲಿ ಎಂದು ಯಾರಿಂದಲೋ ಸ್ಪ್ರಿಂಗ್ ಕಟ್ ಮಾಡಿಸಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಇಳಿಸಿಕೊಂಡಿದ್ದ. ಹಂಪ್ ಬಂದರೆ ಅವನ ತಾಯಿ ಶಕುಂತಲಮ್ಮ ಇಳಿಯಬೇಕು, ಕಾರು ಖಾಲಿಯಾಗಿ ದಾಟಬೇಕು, ಆಕೆ ನಡೆದು ಹೋಗಿ ಮತ್ತೆ ಹತ್ತಬೇಕು. ಅವರ ಮನೆಯಿಂದ ನಮ್ಮಲ್ಲಿಗೆ ಹನ್ನೊಂದು ಹಂಪ್. ಬೆವರು ಒರೆಸಿಕೊಳ್ಳುತ್ತ, "ಮಗನ್ ಕಾರಲ್ಲೇ ಬಂದೆ" ಎಂದರು. ಅದಕ್ಕೇ ಈಗ ಹೊಸ ಸಸ್ಪೆನ್ಷನ್: ಎತ್ತರ ಹೊಂದಿಸಬಹುದಾದ ನಾಲ್ಕು ನೀಲಿ ಸ್ಪ್ರಿಂಗು, ಜೊತೆಗೆ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್ಷು.

ಪೆಟ್ಟಿಗೆಯಲ್ಲಿ ಚಿತ್ರಗಳ ಹಾಳೆ ಇತ್ತು. ಕಾರು ಜಾಕ್ ಮೇಲಿರುವಾಗ ಬುಷ್ಷಿನ ಬೋಲ್ಟನ್ನು ಬರೀ ಕೂರಿಸಬೇಕು. ಚಕ್ರ ನೆಲಕ್ಕಿಳಿದು ಭಾರ ಬಿದ್ದ ಮೇಲೆ ಗುಂಡಿಯೊಳಗಿಂದ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಳ್ಳುತ್ತದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಅರ್ಥವಾಯಿತು. ಡಿಪ್ಲೊಮಾ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿರುವ ಲೋಹಿತ್, ಆ ಹಾಳೆಯ ಮೇಲೆ ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡ.

ಮೂರೂಮುಕ್ಕಾಲಿಗೆ ಶಕುಂತಲಮ್ಮ ಮೊಬೈಲ್ ನೋಡಿದರು. "ನಾಲ್ಕೂವರೆಗೆ ರಾಹುಕಾಲ ಕಣಪ್ಪ. ಅಷ್ಟರೊಳಗೆ ಗಾಡಿ ನಿಂಬೆಹಣ್ಣು ದಾಟ್ಬೇಕು."

"ಲುಕ್ ಹೋಗ್ಬಾರ್ದು ಮಗಾ," ಎಂದ ನಿಶಾಂತ್, "ಆದ್ರೆ ಹಂಪೂ ದಾಟ್ಬೇಕು."

"ಹಂಪನ್ನೇ ಇಳಿಸ್ಬೇಕಾಗತ್ತೆ ಗುರು," ಎಂದ ಅಪ್ಪ.

ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಲೋಹಿತ್ ಬೋಲ್ಟು ಬಿಗಿಯತೊಡಗಿದ.

"ಅಣ್ಣಾ, ಗುಂಡಿ ಖಾಲಿ ಮಾಡಿದೀನಿ. ಕೆಳಗಿಳಿಸಿ ಬಿಗೀಬೇಕಂತೆ."

"ಯಾರ್ ಹೇಳಿದ್ದು?"

"ಹಾಳೇಲಿದೆ."

"ಹಾಳೆಗೆ ರಾಹುಕಾಲ ಗೊತ್ತಾ?"

ಎಲ್ಲರೂ ನಕ್ಕರು. ಶಕುಂತಲಮ್ಮ ಸ್ವಲ್ಪ ಹೆಚ್ಚೇ ನಕ್ಕರು.

ನಾಲ್ಕು ಇಪ್ಪತ್ತೆರಡಕ್ಕೆ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾದವು. ಶಕುಂತಲಮ್ಮ ಮಹಾರಾಣಿಯಂತೆ ಒಳಗೆ ಕೂತು ಹೊರಟರು. ಬೀದಿ ತುದಿಯ ಹಂಪಿನಲ್ಲಿ ಸದ್ದು ಕೇಳಿತು: ಹಳೆ ಮಂಚದ ಮೇಲೆ ಯಾರೋ ದಢೂತಿ ಆಸಾಮಿ ಮಗ್ಗುಲು ಬದಲಿಸಿದಂತೆ. ತಿರುಗಿ ಬರುವಾಗ ಕಾರು ಎಡಕ್ಕೆ ಎದೆಯುಬ್ಬಿಸಿ ಬಲಕ್ಕೆ ವಾಲಿಕೊಂಡು, ಫ್ಲೆಕ್ಸಿಗೆ ಪೋಸು ಕೊಟ್ಟ ಪುಢಾರಿಯಂತಿತ್ತು. ಶಕುಂತಲಮ್ಮ ಅದರ ಹಿಂದೆ ನಡೆದು ಬರುತ್ತಿದ್ದರು.

"ದೃಷ್ಟಿಯಾಗಿದೆ," ಎಂದರು, ನನ್ನ ಕಡೆ ನೋಡಿ.

"ಪಾರ್ಟೇ ಡೂಪ್ಲಿಕೇಟು ಮಚ್ಚಾ," ಎಂದ ಲೋಹಿತ್.

"ನಾನ್ ತರ್ಸಿದ್ ಪಾರ್ಟಾ? ನಿನ್ ಕೈ ಡೂಪ್ಲಿಕೇಟು!" ಎಂದು ನಿಶಾಂತ್ ರೇಗಿದ.

"ಜಗಳ ಬೇಡ. ರಾಹುಕಾಲ ಶುರುವಾಯ್ತು. ಆರು ಗಂಟೆವರ್ಗೂ ಯಾರೂ ಗಾಡಿ ಮುಟ್ಬೇಡಿ," ಎಂದು ಶಕುಂತಲಮ್ಮ ಕರ್ಪೂರ ಹುಡುಕಿದರು.

ಜಗಳದ ಭರದಲ್ಲಿ ನಿಶಾಂತ್ ಕಾರನ್ನು ಗುಂಡಿಯ ಮೇಲೇ ತಂದು ನಿಲ್ಲಿಸಿದ್ದ. ನಾನು ಇಳಿದೆ. ಮುಂದಿನ ಎಡಗಡೆಯ ಬುಷ್ಷು ಹಿಂಡಿದ ಒರೆಸುಬಟ್ಟೆಯಂತೆ ತಿರುಚಿಕೊಂಡಿತ್ತು. ಸಡಿಲಿಸಿ, ಇದೇ ಭಾರದಲ್ಲಿ ಮತ್ತೆ ಬಿಗಿದರೆ ಸಾಕು. ಬಂಪರಿನಾಚೆ ಎಂಟು ಕಾಲು ಕಾಣುತ್ತಿದ್ದವು. ಅಪ್ಪನ ಚಪ್ಪಲಿಯ ಪಕ್ಕದಲ್ಲೇ ಸ್ಪ್ಯಾನರ್ ಬಿದ್ದಿತ್ತು. ಕೈ ಚಾಚಿದೆ, ಒಂದು ಗೇಣು ಸಾಲಲಿಲ್ಲ.

"ಅಪ್ಪಾ, ಆ ಹದಿನೇಳ್ನೇ ನಂಬರ್ ಸ್ಪ್ಯಾನರ್ ಕೊಡು."

ಮೇಲೆ ಕರ್ಪೂರಕ್ಕೆ ಕಡ್ಡಿ ಗೀರಿದ ಸದ್ದಾಯಿತು. ಕಾಲುಗಳು ಅಲುಗಲಿಲ್ಲ.

"ಅಪ್ಪಾ, ಸ್ಪ್ಯಾನರ್ ಕೊಡು."