ಹಳ್ಳದ ಒರತೆ

"ಕೈ ತಗೀ ಬೋಸಡಿ! ಒರತಿ ನಿಮ್ಮಪ್ಪಂದೇನ?"

ಗೌಡರ ಆಳು ಪರಪ್ಪ ಬಡಿಗೆಯ ತುದಿಯಿಂದ ಅವ್ವನ ಕೊಡ ದೂಡಿದ. ಕೊಡ ಮರಳಿನಲ್ಲಿ ಉರುಳಿತು. ಒರತೆಯ ಸುತ್ತ ಆಗಲೇ ಜಾಲಿಮುಳ್ಳು ಬಿದ್ದಿತ್ತು.

"ಯಪ್ಪಾ, ನಾನ ತೋಡಿದ್ದರಿ ಇದು."

"ತೋಡೀದಿ, ಚಲೋ ಆತು. ಇನ್ನ ಊರ ಮಂದಿಗೆ ಬೇಕು. ಮಠದ ಐನಾರು ಮುಂಜಾನೆ ಪಾದೋದಕ ಚಿಮುಕಿಸಿ ಶುದ್ಧ ಮಾಡ್ಯಾರ. ಮುಟ್ಟಿದ್ರ ಕೈ ಮುರೀತೇನಿ."

ದಂಡೆಯ ಮೇಲೆ ನಿಂತಿದ್ದ ಗುರುಲಿಂಗಪ್ಪ ಗೌಡರು ನಕ್ಕರು. "ಹ್ವಾದ ವರ್ಷ ಹೊಳಿ ಘಟ್ಟಾ ಬೇಕಂತ ಚಾವಡಿ ಮುಂದ ಕುಂತಿದ್ರಲ್ಲ, ಹೊನ್ನವ್ವಾ? ಈಗ ಕೊಟ್ಟೇನಿ. ಇಡೀ ಭೀಮಾ ಹೊಳೀನ ನಿಮ್ದು. ಹೋಗಿ ಕುಡೀರಿ."

ಹೊಳೆಗೆ ಇಳಿದು ನೀರು ತುಂಬುವ ಘಟ್ಟ ಊರವರದು. ನಮ್ಮ ಕೇರಿಗೆ ಬಿಟ್ಟದ್ದು ಸತ್ತ ದನ ಸುಲಿಯುವ ಹಳ್ಳದ ಮರಳು. ಬೇಸಿಗೆಯಲ್ಲಿ ಅಲ್ಲೇ ಒರತೆ ತೋಡಿ, ತೆಂಗಿನ ಪರಟೆಯಿಂದ ಮೊಗೆದು ಕೊಡ ತುಂಬುತ್ತಿದ್ದೆವು. ಮೇಲ್ದಂಡೆಯಲ್ಲಿ ಸ್ಪಿರಿಟಿನ ಕಾರ್ಖಾನೆ ಶುರುವಾದ ಮೇಲೆ ಹೊಳೆಗೆ ಕರಿನೀರು ಬಂತು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಹಳ್ಳಕ್ಕೆ ಮಾತ್ರ ಆ ನೀರು ಮುಟ್ಟಿರಲಿಲ್ಲ.

ನಾವು ಹೊಳೆಯ ನೀರನ್ನೇ ತಂದೆವು. ಸೀರೆಯ ಸೆರಗಿನಲ್ಲಿ ಸೋಸಿದರೆ ಸೆರಗು ಕಂದು ಬಣ್ಣಕ್ಕೆ ತಿರುಗಿತು, ನೀರು ಹಾಗೆಯೇ ಇತ್ತು. ಸುಟ್ಟ ಬೆಲ್ಲದ ವಾಸನೆ. ಕುದಿಸಿದರೆ ಇನ್ನೂ ಹೆಚ್ಚಾಗುತ್ತಿತ್ತು.

ಅಕ್ಕ ಸಿದ್ದವ್ವನ ಮಗಳಿಗೆ ವಾಂತಿ ಭೇದಿ ಹತ್ತಿತು. ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ಝಳಕಿಯ ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿದರು. "ನೀರ ಬದಲಿ ಮಾಡ್ರಿ. ಇದನ್ನ ಕುಡಿಸಿದ್ರ ಕೂಸು ಉಳಿಯೂದಿಲ್ಲ."

ಅಕ್ಕ ತಂಬಿಗೆ ಹಿಡಿದು ಗೌಡರ ಅಂಗಳದ ಹೊರಗೆ ನಿಂತಳು.

"ಎಮರ್ಜೆನ್ಸಿ ಐತಿ ಗೊತ್ತಿಲ್ಲೇನ? ಗುಂಪು ಕಟ್ಕೊಂಡು ಬಂದ್ರ ಪೊಲೀಸರಿಗೆ ಹಿಡಿದು ಕೊಡ್ತೇನಿ" ಎಂದರು ಗೌಡರು.

"ನಾನೊಬ್ಬಾಕೀನ ಬಂದೇನ್ರೀ ಧಣೀ."

ಅಕ್ಕ ಬರಿ ತಂಬಿಗೆಯೊಂದಿಗೆ ಮರಳಿ ಬಂದಳು. ಕೂಸು ಆಗ ಅಳುವುದನ್ನೂ ಬಿಟ್ಟಿತ್ತು. ಅವ್ವ ಅದರ ತುಟಿ ಮುಟ್ಟಿ ನೋಡಿದಳು. ಕೊಡ ಎತ್ತಿ ನನ್ನ ಸೊಂಟಕ್ಕಿಟ್ಟಳು.

ಹಳ್ಳದಲ್ಲಿ ಊರ ಹೆಂಗಸರು ಸಾಲಾಗಿ ನಿಂತಿದ್ದರು. ಅವ್ವ ಜಾಲಿಮುಳ್ಳನ್ನು ಕಾಲಿನಿಂದಲೇ ಸರಿಸಿದಳು. ಕಾಲಿನ ರಕ್ತ ಒರೆಸಿಕೊಳ್ಳದೆ ಒರತೆಯ ಅಂಚಿನಲ್ಲಿ ಕುಳಿತಳು. ಬೊಗಸೆಯಲ್ಲಿ ನೀರು ಕುಡಿದು, ಉಳಿದ ಎಂಜಲನ್ನು ಒರತೆಗೇ ಸುರಿದಳು.

"ಅಯ್ಯ, ಏನ ಮಾಡಿದೀ ರಂಡೀ!" ಎಂದು ಚೀರಿದ ಹೆಂಗಸರು ಹಿಂದೆ ಸರಿದರು.

"ಬರ್ರೆವ್ವಾ, ತುಂಬಕೊಳ್ರಿ" ಎಂದಳು ಅವ್ವ. "ನಾ ಏನ ಬ್ಯಾಡ ಅನ್ನಾಂಗಿಲ್ಲ."

ಯಾರೂ ಬರಲಿಲ್ಲ. ಪರಪ್ಪ ಓಡಿ ಬಂದ. ಮೊದಲ ಪೆಟ್ಟು ಬೆನ್ನಿಗೆ ಬಿತ್ತು.

"ಏಳ ಮ್ಯಾಲ! ಏಳ, ಹಾದರಗಿತ್ತಿ!"

ಅವ್ವ ಏಳಲಿಲ್ಲ. ನನ್ನ ಕಡೆ ನೋಡದೆ ಹೇಳಿದಳು, "ನೀ ತುಂಬ."

ನಾನು ಅವ್ವನ ಎದುರಿಗೆ ಕುಳಿತೆ. ಒರತೆಯ ನೀರು ಅವಸರಕ್ಕೆ ಬರುವುದಿಲ್ಲ. ಒಂದು ಪರಟೆ ಮೊಗೆದರೆ ಮತ್ತೆ ಊರುವವರೆಗೆ ಕಾಯಬೇಕು. ಬಡಿಗೆ ಏಳುವುದು, ಬೀಳುವುದು ಕೇಳುತ್ತಿತ್ತು. ತಲೆ ಎತ್ತಿದರೆ ಪರಟೆ ತಪ್ಪಿ ಮರಳು ಕಲಕೀತೆಂದು ಎತ್ತಲಿಲ್ಲ.

ಕೊಡ ಇನ್ನೂ ಅರ್ಧವಾಗಿರಲಿಲ್ಲ.