ಗಂಡುಹುಡುಗರು ಹೋದ ಮೇಲೆ

ಬೆಂಗಳೂರಿನ ಸಂಸ್ಥೆಯೊಂದು ಎರಡು ವರ್ಷದ ಮಟ್ಟಿಗೆಂದು ಗೆಂಡೆಹಳ್ಳಿಯಾಚೆಯ ಕೊಪ್ಪಲಿನ ಸ್ಕೂಲಿಗೆ ಕಳಿಸಿದ ಸ್ವಾತಿ ಮೇಡಂ ಮೊದಲು ಕಲಿಸಿದ್ದು ಅಕ್ಷರವಲ್ಲ, ಕೈ ಎತ್ತುವುದನ್ನು. ಏನು ಬೇಕಾದರೂ ಕೇಳಿ, ಕೈ ಎತ್ತಿದರೆ ಉತ್ತರ ಕೊಡುತ್ತೇನೆ ಎಂದಳು. ಬಾಯಿ ತೆರೆದರೆ ಬೆತ್ತದ ರುಚಿ ನೋಡಿದ್ದ ಮಕ್ಕಳು ಅವು, ನಂಬುವುದಕ್ಕೇ ತಿಂಗಳು ಹಿಡಿಯಿತು. ಬಿಸಿಯೂಟ ಮಾಡುವ ಅಂಕಮ್ಮನ ಮಗಳು ಭಾನುಪ್ರಿಯಾ ಮಾತ್ರ ಮನೆಯಲ್ಲೂ ಕೈ ಎತ್ತಿಯೇ ಮಾತಾಡತೊಡಗಿದಳು. ಸಾರಿಗೆ ಉಪ್ಪು ಬೇಕಾದರೂ ಕೈ. ಗಂಡ ಸತ್ತ ಮೇಲೆ ಅಂಕಮ್ಮ ಹೊಟ್ಟೆ ಹಿಡಿದು ನಕ್ಕಿದ್ದು ಆಗಲೇ. ತನ್ನ ಬದುಕು ಸೌಟಿಗೆ ಹೋಯಿತು, ಇವಳಾದರೂ ಓದಿ ಟೀಚರ್ ಆಗಲಿ ಎಂಬುದೊಂದೇ ಅವಳ ಆಸೆ.

ಎರಡನೇ ವರ್ಷ ಸ್ವಾತಿ ಅರಸೀಕೆರೆ ಕಡೆಯ ಹಾಸ್ಟೆಲ್ ಶಾಲೆಯೊಂದನ್ನು ಪತ್ತೆ ಹಚ್ಚಿದಳು. ಊಟ, ಬಟ್ಟೆ, ಓದು ಎಲ್ಲ ಪುಕ್ಕಟೆ. ಆದರೆ ಗಂಡುಹುಡುಗರಿಗೆ ಮಾತ್ರ. ಇವರಿಗಾದರೂ ಸಿಗಲಿ ಎಂದು ಹುಡುಗರನ್ನು ಸಂಜೆ ಕೂರಿಸಿಕೊಂಡು ಪರೀಕ್ಷೆಗೆ ತಯಾರು ಮಾಡಿದಳು. ಮಕ್ಕಳನ್ನು ಕಳಿಸಲು ತಾಯಂದಿರು ಒಪ್ಪಬೇಕಲ್ಲ!

"ಮೇಡಮ್ನೋರೆ, ನಾನೂ ಬತ್ತೀನಿ ನಡೀರಿ," ಎಂದು ಅಂಕಮ್ಮ ಸೆರಗು ಸಿಕ್ಕಿಸಿ ಮನೆಮನೆ ಹತ್ತಿದಳು. "ಹುಡ್ಗ ಉದ್ಧಾರ ಆಗೋದಕ್ಕೆ ಅಡ್ಡ ಬತ್ತೀಯೇನೇ ಮಹದೇವಮ್ಮ?" ಎಂದು ಜಗಳವನ್ನೇ ಆಡಿದಳು.

ಹುಡುಗರೆಲ್ಲ ಪಾಸಾದರು. ಟೆಂಪೋ ಹೊರಟ ದಿನ ಸಂಸ್ಥೆಯವರು ಫೋಟೋ ತೆಗೆದು ಅಂಕಮ್ಮನಿಗೂ ಹಾರ ಹಾಕಿದರು. ಹಿಂದೆ ಯಾರು ಉಳಿದರು ಎಂದು ನೋಡುವಷ್ಟು ಪುರುಸೊತ್ತು ಯಾರಿಗಿತ್ತು ಹೇಳಿ!

ಉಳಿದವರು ಐದು ಹೆಣ್ಣುಮಕ್ಕಳು. ಮಳೆಗಾಲ ಮುಗಿಯುವುದರೊಳಗೆ ಹೆಡ್‌ಮಾಸ್ಟರ್ ಚನ್ನಬಸವಯ್ಯ ಆರ್ಡರ್ ತಂದರು. ಮಕ್ಕಳ ಸಂಖ್ಯೆ ಸಾಲದು, ಸ್ಕೂಲಿಗೆ ಬೀಗ, ಹುಡುಗಿಯರು ಗೆಂಡೆಹಳ್ಳಿಗೆ ಹೋಗಲಿ.

"ನಾವು ಒಳ್ಳೇದೇ ಮಾಡಿದ್ವಲ್ಲಮ್ಮ," ಎಂದರು ಅಂಕಮ್ಮನ ಮುಖ ನೋಡದೆ.

ಗೆಂಡೆಹಳ್ಳಿಯ ದಾರಿ ಕಾಫಿ ತೋಟದೊಳಗೆ, ಆನೆ ತಿರುಗುವ ಜಾಗದಲ್ಲಿ. ಜೊತೆಗೆ ಗಂಡುಹುಡುಗರಿದ್ದಿದ್ದರೆ ಮಾತು ಬೇರೆಯಿತ್ತು. ಐದು ಹುಡುಗಿಯರನ್ನೇ ಕಳಿಸಲು ಯಾವ ಅಪ್ಪನೂ ಒಪ್ಪಲಿಲ್ಲ. ಸ್ವಾತಿ ಬೇಲೂರಿನ ಶಿಕ್ಷಣ ಇಲಾಖೆ ಆಫೀಸಿಗೆ ಅಲೆದು, ಅತ್ತು, ಅಂಗಲಾಚಿ ಬರಿಗೈಯಲ್ಲಿ ಬಂದಳು. ಅವಳ ಅವಧಿಯೂ ಮುಗಿದಿತ್ತು.

"ಅಂಕಮ್ಮ, ಭಾನುಪ್ರಿಯಾಳ ಓದು ಬಿಡಿಸ್ಬೇಡಿ. ಏನಾದ್ರೂ ಮಾಡಿ," ಎಂದಳು ಬಸ್ ಹತ್ತುವಾಗ.

ಏನಾದರೂ ಅಂದರೆ ಏನು? ಅಂಕಮ್ಮನಿಗೆ ಮೈಯೆಲ್ಲ ಉರಿಯಿತು. ಆದರೆ ಯಾರನ್ನು ಬೈಯುವುದು? ಮನೆಮನೆ ಬಾಗಿಲು ಬಡಿದದ್ದು ಅವಳದೇ ಕೈ.

ಸ್ಕೂಲಿನ ಅನ್ನದ ಪಾತ್ರೆ ತಿಕ್ಕಿ ಒಪ್ಪಿಸಿ ಮನೆಗೆ ಬಂದಳು. ಅವಳ ಕೆಲಸವೂ ಅಲ್ಲಿಗೆ ಮುಗಿಯಿತು. ಒಲೆಯ ಮುಂದೆ ಕೂತಿದ್ದ ಭಾನುಪ್ರಿಯಾ ಕೈ ಎತ್ತಿದಳು.

"ಅವ್ವ, ನಾಳೆಯಿಂದ ನಾನು ಎಲ್ಲಿಗೆ ಹೋಗ್ಲಿ?"

ಅಂಕಮ್ಮ ಒಲೆ ಊದಿದಳು. ಹೊಗೆಗೆ ಕಣ್ಣು ಒರೆಸಿಕೊಂಡಳು.

"ನಂಜೊತೆ ಶುಂಠಿ ಹೊಲಕ್ಕೆ ಬಾ. ಕಳೆ ಕೀಳಾದೈತೆ."

ಉತ್ತರ ಸಿಕ್ಕಿತು. ಹುಡುಗಿ ಕೈ ಇಳಿಸಲಿಲ್ಲ.